ಎರೆಯುವ ಕಾಲಿಗೊಂದು ಪಟ್ಟಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ತಪ್ಪಾಗಿರಬಹುದು. ಇಸವಿಗಳು ಹಿಂದುಮುಂದಾಗಿರಬಹುದು. ಮುಖ್ಯವಾದ ಒಂದು ಮಾತುಕತೆ ನಡೆದಾಗ ನಾನು ಅಲ್ಲಿ ಇರಲೇ ಇಲ್ಲ. ಆದರೆ ಅದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನೆಸಿಕೊಂಡರೆ ಆ ಕೋಣೆಯ ಮೂಲೆಯಲ್ಲಿ ನಾನೂ ಒಂದು ಸ್ಟೂಲಿನ ಮೇಲೆ ಕುಳಿತಿರುವಂತೆ ಕಾಣುತ್ತದೆ. ನಿಜವಾಗಿ ಆ ದಿನ ನಾನು ಮಿಶ್ರಿಕೋಟಿಯ ಶಿಬಿರದಲ್ಲಿದ್ದೆ. ಅದಂತೂ ಖಾತ್ರಿ, ಯಾಕೆಂದರೆ ಅವತ್ತು ಅಲ್ಲಿ ನನಗೆ ನಾಯಿ ಕಚ್ಚಿತ್ತು. ದಿನಚರಿ ಬರೆಯುವ ರೂಢಿ ಮೊದಲಿನಿಂದ ಇದೆ, ಆದರೆ ಅದರಿಂದ ಏನೂ ಉಪಯೋಗವಿಲ್ಲ. ಜನರ ಬಗ್ಗೆ ಬರೆಯಬೇಕಾಗಿದ್ದ ದಿನಗಳಲ್ಲಿ ಬಸ್ಸು ತಡವಾದದ್ದನ್ನು ಬರೆದಿಟ್ಟಿದ್ದೇನೆ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ಊರಿನಲ್ಲಿ ಎರಡು ವರ್ಷ ತರಬೇತಿ ಪಡೆದು, ಎಂಬತ್ತರ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ಒಂದು ಕಾರ್ಯಾಗಾರಕ್ಕೆ ಸೇರಿದೆ. ಕೃತಕ ಕಾಲು, ಪೋಲಿಯೊ ಮಕ್ಕಳ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಅಲ್ಲಿನ ದೊಡ್ಡ ಕೆಲಸ. ಮೊಣಕಾಲಿನ ಕೀಲು ಸವೆದವರಿಗೆ ಪಟ್ಟಿ ಮಾಡಿಕೊಡುವುದು ಬಿಡುವಿನ ಕೆಲಸ, ಅಂದರೆ ನನ್ನ ಕೆಲಸ. ಈಗ ಈ ವೃತ್ತಿಗೆ ಬರುವ ಹುಡುಗಿಯರು ಪೆಟ್ಟಿಗೆ ಒಡೆದು ಸಣ್ಣದು, ನಡುವಿನದು, ದೊಡ್ಡದು ಎಂದು ಆರಿಸಿ ಕೊಡುತ್ತಾರೆ. ಆಗ ಪ್ರತಿ ಕಾಲಿಗೂ ಬೇರೆಯೇ ಪಟ್ಟಿ. ಅಳತೆ ತೆಗೆದು, ತೊಗಲು ಕತ್ತರಿಸಿ, ಎರಡೂ ಬದಿಗೆ ಲೋಹದ ಪಟ್ಟಿ ಕೂಡಿಸಿ, ಕೀಲು ಹಾಕಿ ಮಾಡಬೇಕಿತ್ತು.

ಅಳತೆ ಅಂದರೆ ಹೇಳುವಷ್ಟು ಸುಲಭವಲ್ಲ. ಹಳ್ಳಿಗಳಿಗೆ ಹೋಗಿ ಅಳತೆ ತೆಗೆಯಲು ಶಿಬಿರ ಹಾಕುತ್ತಿದ್ದೆವು. ಮೊದಲ ಶಿಬಿರದಲ್ಲೇ ಒಬ್ಬ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ನಿಂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, "ಅಳತಿ ತಗೋ ತಂಗಿ, ಆದ್ರ ನೋಡಬ್ಯಾಡ" ಎಂದಳು. ನಾನು ನೋಡದೆ ಅಳೆದೆ. ಪಟ್ಟಿ ತಯಾರಾಗಿ ಬಂದಾಗ ಅದು ಅವಳ ತೋಳಿಗೆ ಸರಿಯಾಗಿತ್ತು. "ಇದನ್ನ ಹಾಕ್ಕೊಂಡ ಕೈಲೆ ನಡೀಬೇಕೇನು?" ಎಂದು ಕೇಳಿದಳು. ನಿಂತ ಮೊಣಕಾಲು ಬೇರೆ, ಕುಳಿತ ಮೊಣಕಾಲು ಬೇರೆ ಎಂಬುದನ್ನೂ ಪುಸ್ತಕ ನನಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕುಳಿತಿದ್ದರು.

ನಮ್ಮ ಮುಖ್ಯಸ್ಥರು ಅನಂತಯ್ಯನವರು ಮೈಸೂರು ಕಡೆಯವರು. ಕೈ ಅಚ್ಚುಕಟ್ಟು, ಮಾತು ಮೃದು. ಈ ಕಡೆಗೆ ಬಂದು ಆಗಲೇ ಆರೇಳು ವರ್ಷವಾಗಿತ್ತು, ಹಾಗಾಗಿ ಧಾರವಾಡದ ಮಾತು ಪೂರ್ತಿ ತಿಳಿಯುತ್ತದೆ ಎಂಬ ಧೈರ್ಯ ಅವರಿಗೆ ಬಂದಿತ್ತು. ಆ ಧೈರ್ಯವೇ ಗಿರಿಜತ್ತೆಯ ಪ್ರಕರಣಕ್ಕೆ ಮೂಲ.

ಗಿರಿಜತ್ತೆ ನನ್ನ ತಂದೆಯ ತಂಗಿ, ಕುಂದಗೋಳ ತಾಲೂಕಿನ ಕುಬಿಹಾಳದವಳು. ಕೂಸುಗಳಿಗೆ ಎರೆಯುವುದರಲ್ಲಿ ಅವಳ ಕೈ ಪಳಗಿದ್ದು. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ಮುಂಜಾನೆ ಅವಳಿಗೆ ಕರೆ ಬರುತ್ತಿತ್ತು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಎರಡು ವರ್ಷದಿಂದ ಮೊಣಕಾಲು ಹಿಡಿದುಕೊಂಡು ಅವಳು ಎರೆಯುವುದನ್ನು ಬಿಟ್ಟಿದ್ದಳು. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಅಷ್ಟರಲ್ಲಿ ಅವಳ ಒಬ್ಬಳೇ ಮಗಳು ಸುಮಿ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಬಸುರಾದಳು. ಚೊಚ್ಚಲ ಹೆರಿಗೆ, ತವರಿನಲ್ಲೇ ಬಾಣಂತನ.

"ಊರ ಕೂಸಿಗೆಲ್ಲಾ ನಾ ಎರದೀನಿ, ನನ್ನ ಮಗಳ ಕೂಸಿಗೆ ಬಾಜೂ ಮನಿ ಶಾಂತವ್ವ ಎರೀಬೇಕೇನು?" ಎಂದು ಅತ್ತೆ ನಮ್ಮ ಮನೆಗೆ ಬಂದಾಗ ಹೇಳಿದಳು. "ಅಕಿ ಕೈ ಅಗದಿ ಬಿರುಸು. ಕೂಸಿಗೆ ಎರಿಯಾಕಿ ಅಲ್ಲ ಅಕಿ, ಬಾಂಡೆ ತಿಕ್ಕಾಕಿ."

"ಕಾರ್ಯಾಗಾರಕ್ಕ ಬಾ ಅತ್ತಿ, ಪಟ್ಟಿ ಮಾಡೂಣು" ಎಂದೆ. ಅವಳು ಬಂದ ದಿನವೇ ನಾನು ಮಿಶ್ರಿಕೋಟಿಯಲ್ಲಿ ನಾಯಿಯ ಕೈಗೆ, ಅಂದರೆ ಬಾಯಿಗೆ, ಸಿಕ್ಕಿದ್ದೆ. ಅನಂತಯ್ಯನವರೇ ಅವಳನ್ನು ನೋಡಿದರು. ಮುಂದಿನ ಮಾತುಕತೆಯನ್ನು ಅವರಿಬ್ಬರ ಬಾಯಿಂದ ಬೇರೆ ಬೇರೆಯಾಗಿ ಕೇಳಿ ನಾನು ಜೋಡಿಸಿದ್ದು.

"ಏನು ಕೆಲಸ ಮಾಡ್ತೀರಮ್ಮ?"

"ನಂದೇನ್ ಕೆಲಸ್ರಿ, ಎರಿಯೂದು. ಓಣ್ಯಾಗ ಯಾರ್ ಕರದ್ರೂ ಹೋಗ್ತಿದ್ದೆ."

"ಎರೆಯಲ್ಲಿ ಬಹಳ ಹೊತ್ತು ಇರ್ತೀರಾ?"

"ಮುಂಜಾನೆ ಅಷ್ಟ ರೀ. ಬಿಸಿಲ ಏರಿದ ಮ್ಯಾಲ ಅಲ್ಲ."

"ಕಾಲು ಕೆಸರಾಗುತ್ತೆ?"

"ಕೆಸರ ಯಾಕ್ರಿ? ನೀರಂತೂ ಇರತೈತಿ. ಮಣಕಾಲ ಮಟಾ ತೊಯ್ತಾವ."

ನಮ್ಮ ಕಡೆ ಕಪ್ಪು ನೆಲಕ್ಕೂ ಎರಿ ಎನ್ನುತ್ತಾರೆ. ಎರಿ ಹೊಲ, ಎರಿ ಮಣ್ಣು ಎಂಬ ಮಾತು ಅನಂತಯ್ಯನವರ ಕಿವಿಗೆ ದಿನವೂ ಬೀಳುತ್ತಿತ್ತು. ಅವರು ಪಾಪ, ಮಳೆಗಾಲದ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸನ್ನು ಕಣ್ಣ ಮುಂದೆ ತಂದುಕೊಂಡು ಪಟ್ಟಿ ಮಾಡಿದರು. ಬಲಗಾಲಿಗೆ ದಪ್ಪ ತೊಗಲು, ಎರಡೂ ಬದಿಗೆ ಉಕ್ಕು, ಎರೆ ಮಣ್ಣು ಕೀಲಿನೊಳಗೆ ಹೋಗದಂತೆ ಮೇಲೊಂದು ಕ್ಯಾನ್ವಾಸಿನ ಮುಚ್ಚಿಗೆ. ನಾನು ವಾಪಸು ಬಂದಾಗ ಹೆಮ್ಮೆಯಿಂದ ತೋರಿಸಿದರು. ಅತ್ತೆಗೆ ಹೊಲವೇ ಇಲ್ಲವಲ್ಲ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿರಬೇಕು. ನೀರಿಗಾಗಿ ಕ್ಯಾನ್ವಾಸು ಹಾಕಿದ್ದಾರೆ ಎಂದುಕೊಂಡೆನೋ ಏನೋ, ಈಗ ಗೊತ್ತಾಗುವುದಿಲ್ಲ.

ತಿಂಗಳ ಮೇಲೆ ಕುಬಿಹಾಳಕ್ಕೆ ಹೋದೆ. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಕಾಲು ಓರೆ ಮಾಡಿ, ಮುಖ ಹಿಂಡಿಕೊಂಡು.

"ಪಟ್ಟಿ ಹಾಕ್ಕೊಂತಿಯೇನು ಅತ್ತಿ?"

"ಹೂಂ ಮತ್ತ. ದಿನಾ ಹಾಕ್ಕೊಂತೀನಿ."

"ಈಗ ಎಲ್ಲೈತಿ?"

"ಅಲ್ಲೇ ಐತಲ್ಲ, ನೀ ಚಪ್ಪಲ್ ಬಿಟ್ಟಲ್ಲಿ."

ಹೊರಗೆ ಬಂದು ನೋಡಿದೆ. ಬಾಗಿಲ ಬಾಜು, ಅವಳ ಚಪ್ಪಲಿಗಳ ಪಕ್ಕದಲ್ಲಿ, ಪಟ್ಟಿ ನಿಂತಿತ್ತು. ಅನಂತಯ್ಯನವರ ಕೆಲಸ ಎಷ್ಟು ಗಟ್ಟಿಯೆಂದರೆ ಅದು ಕಾಲಿಲ್ಲದೆಯೂ ನಿಲ್ಲುತ್ತಿತ್ತು.

"ಮನಿಯೊಳಗ ಯಾಕ ಹಾಕ್ಕೊಳ್ಳವಲ್ಲಿ?"

"ಲೇ, ತೊಗಲಲೇ ಅದು. ತೊಗಲ ಕಟಗೊಂಡ ಅಡಗಿ ಮಾಡ್ಲೇನು? ಲಿಂಗಪೂಜಿಗೆ ಕೂಡ್ಲೇನು? ಕಾಲೇಜ ಕಲತಾಕಿ, ಅಷ್ಟೂ ತಿಳಿಯಂಗಿಲ್ಲೇನು ನಿನಗ? ಸಂತಿಗೆ ಹೋಗುವಾಗ ಹಾಕ್ಕೊಂತೀನಿ. ಬರೊಬ್ಬರಿ ಐತಿ."

ಅವಳ ನೋವೆಲ್ಲ ಹೊಸ್ತಿಲಿನ ಒಳಗಿತ್ತು. ರೊಟ್ಟಿ ಬಡಿಯುವುದು, ಪೂಜೆಗೆ ಕುಳಿತು ಏಳುವುದು, ಬಚ್ಚಲು. ನಾವು ಕೊಟ್ಟ ಪಟ್ಟಿ ಹೊಸ್ತಿಲಿನ ಹೊರಗೆ ಉಳಿದಿತ್ತು. ಈಗ ಕೆಲಸಕ್ಕೆ ಸೇರುವವರಿಗೆ ಇದೊಂದನ್ನು ಹೇಳುತ್ತೇನೆ. ಪಟ್ಟಿ ಹಾಕಿಕೊಳ್ಳುತ್ತೀರಾ ಎಂದು ಕೇಳಿದರೆ ನಮ್ಮ ಜನ ಹೌದ್ರಿ ಎನ್ನುತ್ತಾರೆ, ಅದು ನಿಮಗೆ ಕೊಡುವ ಮರ್ಯಾದೆ. ಪಟ್ಟಿ ಎಲ್ಲಿದೆ ಎಂದು ಕೇಳಿ.

ಕ್ಯಾನ್ವಾಸಿನ ಮುಚ್ಚಿಗೆ ಯಾಕೆ ಎಂದು ಅತ್ತೆಯೇ ಕೇಳಿದಳು. "ನಿಮ್ಮ ಸಾಹೇಬ್ರು ಎರಿ ಹೊಲದಾಗ ಹುಷಾರ್ ನಡೀರಿ ಅಂತಿದ್ರು. ನಾ ಯಾವ ಹೊಲ ಅಂತ ಸುಮ್ನ ಹೂಂ ಅಂದೆ." ಆಗ ಇಬ್ಬರಿಗೂ ತಿಳಿದು, ಅತ್ತೆ ಹಿಟ್ಟು ನಾದುವ ಕೊಣಮಿಗೆಯಲ್ಲಿ ಕೈ ಇಟ್ಟುಕೊಂಡೇ ನಕ್ಕಳು. ಸುಮಿಗೆ ಆಗ ಐದು ತಿಂಗಳೋ ಆರೋ. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹುಬ್ಬಳ್ಳಿಗೆ ಮರಳಿ ಹೇಳಿದಾಗ ಅನಂತಯ್ಯನವರು ನಗಲಿಲ್ಲ. "ನಮ್ಮ ಕಡೆ ಮಗುಗೆ ನೀರು ಹಾಕೋದು ಅಂತೀವಮ್ಮ" ಎಂದರು. ಆಮೇಲೆ, "ಹೇಗೆ ಕೂತ್ಕೋತಾರೆ, ತೋರಿಸು" ಎಂದರು. ನಾನು ಕಾರ್ಯಾಗಾರದ ನೆಲದ ಮೇಲೆ ಕಾಲು ನೀಡಿ ಕುಳಿತೆ. ಅವರೂ ಪ್ಯಾಂಟು ಮೇಲಕ್ಕೆ ಎಳೆದುಕೊಂಡು ಎದುರಿಗೆ ಹಾಗೆಯೇ ಕುಳಿತರು. ಒಳಗೆ ಬಂದ ಜವಾನ ನಮ್ಮಿಬ್ಬರನ್ನೂ ನೋಡಿ ಬಂದ ದಾರಿಯಲ್ಲೇ ಹೊರಟುಹೋದ. "ಕಾಲು ನೇರ ಇರೋದಿಲ್ಲ ನೋಡು" ಎಂದರು ಅನಂತಯ್ಯನವರು. ನಿಜ. ಕೂಸನ್ನು ಬೋರಲು ಹಾಕಿ ಬೆನ್ನಿಗೆ ನೀರು ಹೊಯ್ಯುವಾಗ ನೀರು ಪಾದದ ಕಡೆ ಜಾರಬೇಕು. ಅದಕ್ಕೆ ಮೊಣಕಾಲನ್ನು ಒಂದಿಷ್ಟು ಎತ್ತಿ, ಎತ್ತಿದಲ್ಲೇ ಹಿಡಿದಿರಬೇಕು. ಅತ್ತೆಗೆ ಜೀವ ಹೋಗುವುದು ಅಲ್ಲೇ. ಪೂರ್ತಿ ನೇರವಲ್ಲ, ಪೂರ್ತಿ ಮಡಚಿದ್ದೂ ಅಲ್ಲ. ಎರಡರ ನಡುವೆ ನಿಲ್ಲುವ ಕೀಲು ಬೇಕಿತ್ತು.

ನನಗೆ ಅಂದಿನಿಂದ ನಿದ್ದೆ ಕಡಿಮೆಯಾಯಿತು ಎಂದು ಬರೆಯಹೊರಟಿದ್ದೆ, ಅದು ಸುಳ್ಳು. ಚೆನ್ನಾಗಿ ನಿದ್ದೆ ಮಾಡಿದೆ. ಆದರೆ ಎಲ್ಲಿ ಹೋದರೂ ಹೆಂಗಸರು ಕೂಡುವುದನ್ನು, ಏಳುವುದನ್ನು ನೋಡುವ ಚಟ ಹತ್ತಿತು. ಬಮ್ಮಿಗಟ್ಟಿಯಲ್ಲಿ ಭತ್ತದ ಸಸಿ ಹಚ್ಚುವವರು ಮೊಣಕಾಲಿಗಿಂತ ಸೊಂಟವನ್ನು ಹೆಚ್ಚು ದುಡಿಸುತ್ತಿದ್ದರು. ಹತ್ತಿ ಬಿಡಿಸುವವರು ನಿಂತೇ ಇರುತ್ತಿದ್ದರು. ರೊಟ್ಟಿ ಬಡಿಯುವಾಗ ಒಂದು ಮೊಣಕಾಲು ಮೇಲೆ, ಒಂದು ಕೆಳಗೆ. ಒಂದೇ ರೋಗದ ಹೆಸರು, ಆದರೆ ಒಬ್ಬೊಬ್ಬರ ನೋವೂ ಒಂದೊಂದು ಕೋನದಲ್ಲಿ ಕುಳಿತಿತ್ತು.

ಎರಡನೆಯ ಪಟ್ಟಿಯನ್ನು ನಾನೇ ಮಾಡಿದೆ. ತೊಗಲು ಇಲ್ಲ. ಮಂಚಕ್ಕೆ ಹೆಣೆಯುವ ನವಾರವನ್ನು ತಂದು ಹೊಲಿದೆ, ಅದು ತೊಯ್ದರೂ ಒಣಗುತ್ತದೆ, ಬಚ್ಚಲಿಗೂ ದೇವರ ಕೋಣೆಗೂ ಸಲ್ಲುತ್ತದೆ. ಉಕ್ಕಿನ ಬದಲು ಅಲ್ಯೂಮಿನಿಯಂ, ಅದರ ಮೇಲೆ ಬಟ್ಟೆ. ಬಿಗಿ ಸಡಿಲ ಮಾಡಿಕೊಳ್ಳಲು ಮುಂಬೈಯಿಂದ ತರಿಸಿದ ಅಂಟುಪಟ್ಟಿ, ಈಗ ಮಕ್ಕಳ ಬೂಟಿಗೂ ಬರುವ ಆ ವೆಲ್ಕ್ರೋ. ಆಗ ನಮಗೆ ಅದೊಂದು ಪವಾಡ. ಕೀಲಿಗೆ ಒಂದು ಸಣ್ಣ ತಡೆ ಇಟ್ಟೆ, ಮೊಣಕಾಲು ಬೇಕಾದಷ್ಟೇ ಎದ್ದು ಅಲ್ಲಿ ನಿಲ್ಲುವಂತೆ.

ಪರೀಕ್ಷೆಗೆ ಕೂಸು ಎಲ್ಲಿಂದ ತರುವುದು? ಅತ್ತೆ ಒರಳಿನ ಗುಂಡಕಲ್ಲನ್ನು ತೊಳೆದು ತಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಹಾಕುವುದು ಅದನ್ನೇ ತಾನೆ. ಬಲಗಾಲಿಗೆ ಪಟ್ಟಿ ಕಟ್ಟಿಕೊಂಡು ಮಣೆಯ ಮೇಲೆ ಕುಳಿತು, ಗುಂಡಕಲ್ಲನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚತೊಡಗಿದಳು. ಶಾಂತವ್ವ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು.

"ಗಿರಿಜವ್ವಾ, ಮೊಮ್ಮಗಾ ಭಾಳ ಕರ್ರಗ ಹುಟ್ಯಾನಲ್ಲ?"

"ಅವರಪ್ಪನ್ಹಂಗ" ಎಂದಳು ಅತ್ತೆ, ಕೈ ನಿಲ್ಲಿಸದೆ. ಒಳಗಿಂದ ಸುಮಿ, "ಅವ್ವಾ, ಅವ್ರ ಮುಂದ ಹಂಗ ಅನಬ್ಯಾಡ ಮತ್ತ" ಎಂದಳು.

ಎಲ್ಲರೂ ನಗುತ್ತಿರುವಾಗ ಅತ್ತೆ ಕಲ್ಲನ್ನು ಬೋರಲು ತಿರುವಿ ಮೊಣಕಾಲು ಎತ್ತಿದಳು. ಗುಂಡಕಲ್ಲು ಎಡಕ್ಕೆ ಉರುಳಿ ಬಚ್ಚಲ ಹಾಸುಗಲ್ಲಿನ ಮೇಲೆ ಬಿತ್ತು.

ಆ ಸದ್ದು ಮಾತ್ರ ನನ್ನ ನೆನಪಿನಲ್ಲಿ ಸರಿಯಾಗಿದೆ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಶಾಂತವ್ವನ ತಲೆ ಗೋಡೆಯ ಮೇಲಿಂದ ಇಳಿಯಿತು. ಅತ್ತೆ ತನ್ನ ಕಾಲುಗಳನ್ನೇ ನೋಡುತ್ತ ಕುಳಿತಳು. ಆಮೇಲೆ ಎಣ್ಣೆ ಕೈಯಿಂದ ಪಟ್ಟಿ ಬಿಚ್ಚಲು ಹೋದಳು. ವೆಲ್ಕ್ರೋ ಹಿಡಿಗೆ ಸಿಗಲಿಲ್ಲ, ಜಾರಿತು. ನಾನು ಬಿಚ್ಚಿಕೊಟ್ಟೆ.

"ಶಾಂತವ್ವನೇ ಎರೀಲಿ ಬಿಡು" ಎಂದಳು. "ಕಲ್ಲಿತ್ತು, ಉಳೀತು."

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ತಪ್ಪು ಏನೆಂದು ತಿಳಿಯಲು ಅಂಥ ವಿದ್ಯೆ ಬೇಕಿರಲಿಲ್ಲ. ಒಂದೇ ಕಾಲಿಗೆ ಪಟ್ಟಿ ಕಟ್ಟಿದರೆ ಆ ಕಾಲು ಅರ್ಧ ಬೆರಳು ಎತ್ತರವಾಗುತ್ತದೆ. ನಡೆಯುವವರಿಗೆ ಅದು ಲೆಕ್ಕಕ್ಕಿಲ್ಲ, ಕಾಲ ಮೇಲೆ ಮಲಗಿದವರಿಗೆ ಅದು ಇಳಿಜಾರು. ನೋವು ಬಲಗಾಲಿನದು ಎಂದು ನಾವು ಬಲಗಾಲನ್ನಷ್ಟೇ ನೋಡಿದ್ದೆವು. ಮೊಣಕಾಲ ಪಟ್ಟಿಯನ್ನು ಕಟ್ಟಿಕೊಳ್ಳುವವರಿಗೆ ಹಿತವಾಗುವಂತೆ ಮಾಡಬೇಕು ಎಂದು ಕಲಿತಿದ್ದೆ. ಕಟ್ಟಿಕೊಳ್ಳದ ಇನ್ನೊಬ್ಬರ ಬೆನ್ನಿಗೂ ಅದು ಹಿತವಾಗಬೇಕಾದ ಸಂದರ್ಭ ಇದೆ ಎಂದು ಆ ದಿನದವರೆಗೆ ಗೊತ್ತಿರಲಿಲ್ಲ.

ಮೂರನೆಯದನ್ನು ಅನಂತಯ್ಯನವರೂ ನಾನೂ ಸೇರಿ ಮಾಡಿದೆವು. ಎರಡೂ ಕಾಲಿಗೆ ಜೋಡಿ, ಒಂದೇ ದಪ್ಪ. ಲೋಹವೆಲ್ಲ ಹೊರಬದಿಗೆ, ಕಾಲುಗಳ ಒಳಬದಿಗೆ ಬರೀ ಬಟ್ಟೆ. ಮೊಣಕಾಲ ಕೆಳಗಿನ ಮುಂಭಾಗ, ಕೂಸು ಮಲಗುವ ಜಾಗ, ಪೂರ್ತಿ ಬರಿದು. ವೆಲ್ಕ್ರೋವನ್ನು ಕೈಬಿಟ್ಟೆವು. ಎಣ್ಣೆಯ ಕೈ ಒಂದು ಕಾರಣ, ಹತ್ತಿಯ ನಾಡು ಇನ್ನೊಂದು. ಅರಳೆಯ ಎಳೆ ಸಿಕ್ಕಿಕೊಂಡು ಎರಡೇ ವಾರದಲ್ಲಿ ಅದಕ್ಕೆ ಮೀಸೆ ಬಂದಿತ್ತು. ಅದರ ಬದಲು ದನ ಕಟ್ಟುವ ಹಗ್ಗದ ಕಣ್ಣಿಯ ಹಾಗೆ ಒಂದು ತುದಿಗೆ ಮರದ ಗುಂಡಿ, ಇನ್ನೊಂದು ತುದಿಗೆ ಸಾಲಾಗಿ ಕುಣಿಕೆಗಳು. ಬಾವು ಹೆಚ್ಚಿದ್ದ ದಿನ ಸಡಿಲು ಕುಣಿಕೆ, ಕಡಿಮೆಯಿದ್ದ ದಿನ ಬಿಗಿ ಕುಣಿಕೆ. ಕಣ್ಣು ಮುಚ್ಚಿಯೂ ಹಾಕಬಹುದು.

ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಎತ್ತಿನ ಸಾಮಾನ ಕಂಡಂಗ ಐತಿ" ಎಂದಳು. ಗುಂಡಕಲ್ಲನ್ನು ಮತ್ತೆ ತರಲು ಒಪ್ಪಲಿಲ್ಲ. "ಕೂಸಿಗೆ ಮೈಯ ಬಿಸಿ ತಟ್ಟಬೇಕಲೇ, ಇದರಾಗ ತಟ್ಟತೈತೇನು?" ಎಂದಷ್ಟೇ ಕೇಳಿದಳು. ತಟ್ಟುತ್ತದೆ, ಮುಂದೆ ಬರಿದು ಬಿಟ್ಟಿದ್ದೇವೆ ಎಂದೆ. ಅವಳು ಪಟ್ಟಿಯನ್ನು ಗೂಟಕ್ಕೆ ಹಾಕಿದಳು. ಒಳಗಿನ ಗೂಟಕ್ಕೆ, ಅದನ್ನು ನೋಡಿಕೊಂಡೆ.

ಸುಮಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಕುಬಿಹಾಳಕ್ಕೆ ಕರೆದುಕೊಂಡು ಹೋಗಿ ಎರೆಯುವುದು ಶುರುವಾದ ದಿನ ನಾನು ಮುಂಜಾನೆಯ ಮೊದಲ ಬಸ್ಸಿಗೆ ಹೋದೆ. ತಡವಾಯಿತು. ಬಚ್ಚಲ ಬಾಗಿಲು ಹಾಕಿತ್ತು. ಕೂಸಿಗೆ ಎರೆಯುವಾಗ ದೃಷ್ಟಿಯಾಗುತ್ತದೆಂದು ಬಾಗಿಲು ತೆಗೆಯುವುದಿಲ್ಲ. ಒಳಗೆ ಅತ್ತೆ, ನೀರು ತೋಡಿಕೊಡಲು ಶಾಂತವ್ವ. ಬಾಗಿಲಿಗೆ ಎದುರಾಗಿ ಬಾಣಂತಿಯ ಮಂಚದ ಮೇಲೆ ಸುಮಿ ಮಲಗಿದ್ದಳು. ನಾನು ನಡುಮನೆಯಲ್ಲಿ ನಿಂತು ಕೇಳಿಸಿಕೊಂಡೆ. ನೀರಿನ ಸದ್ದು, ಕೂಸಿನ ಚೀರಾಟ, ಅತ್ತೆಯ ದನಿ: "ಮುಗೀತು, ಮುಗೀತು, ನಮ್ಮವ್ವಗ ಮುಗೀತು." ಮಧ್ಯೆ ಒಮ್ಮೆ ಎಲ್ಲ ನಿಂತಿತು. ಮತ್ತೆ ನೀರಿನ ಸದ್ದು.

ಶಾಂತವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಅತ್ತೆ ಎಷ್ಟೋ ಹೊತ್ತಿನ ಮೇಲೆ ಗೋಡೆ ಹಿಡಿದು ಬಂದಳು, ಮುಖ ಕೆಂಪಾಗಿತ್ತು. "ಹೆಂಗಾತು ಅತ್ತಿ?" ಎಂದೆ. "ಕೂಸ ಮಲಗೂ ಹೊತ್ತು, ಸುಮ್ನಿರು" ಎಂದಳು. ಹಿತ್ತಲಲ್ಲಿ ಹಗ್ಗದ ಮೇಲೆ ಪಟ್ಟಿಯ ಜೋಡಿ ನೀರು ಸುರಿಸುತ್ತ ನೇತಾಡುತ್ತಿತ್ತು. ಆದರೆ ಬಚ್ಚಲಲ್ಲಿ ಕಟ್ಟಿಕೊಳ್ಳದೆ ಸುಮ್ಮನೆ ಇಟ್ಟದ್ದೂ ತೊಯ್ಯುತ್ತದೆ. ಪಟ್ಟಿ ಕಟ್ಟಿದ್ದರೆ ಕಾಲಿನ ಮೇಲೆ ನವಾರದ ಗುರುತು ಒಂದು ತಾಸಾದರೂ ಉಳಿಯುತ್ತದೆ. ಸೀರೆ ಎತ್ತು, ಕಾಲು ತೋರಿಸು ಎನ್ನಲು ಅವತ್ತು ನನಗೆ ಬಾಯಿ ಬರಲಿಲ್ಲ.

"ಕಟ್ಕೊಂಡಿದ್ರಾ?" ಎಂದು ಸೋಮವಾರ ಅನಂತಯ್ಯನವರು ಕೇಳಿದರು.

"ಗೊತ್ತಾಗ್ಲಿಲ್ಲ ಸರ್. ಎರೆದದ್ದಂತೂ ಹೌದು."

"ಹಾಗಾದ್ರೆ ಇನ್ನೊಂದು ಜೋಡಿ ಮಾಡಿ ನೋಡೋಣ" ಎಂದರು.

ಅತ್ತೆ ಆ ಕೂಸಿಗೆ ಅದು ತಾನೇ ಕೂಡುವವರೆಗೂ ಎರೆದಳು. ಅವಳನ್ನು ನೋಡಿ ಸುತ್ತಲಿನ ಊರಿನ ಹೆಂಗಸರು ಗಿರಿಜವ್ವನ ಪಟ್ಟಿ ಬೇಕೆಂದು ಕೇಳಿಕೊಂಡು ಬಂದರು. ಅಣ್ಣಿಗೇರಿ, ನವಲಗುಂದದ ಕಡೆಗೂ ಹೋಯಿತು. ಕೆಲವರು ಅದನ್ನು ಕಟ್ಟಿಕೊಂಡೇ ಬಚ್ಚಲಿಗೆ ಹೋಗಿ ಎರೆಯುತ್ತಿದ್ದರು. ಕೆಲವರು ಅದನ್ನು ಕೈಯಲ್ಲಿ ಹಿಡಿದು ಒಳಗೆ ಹೋಗಿ, ಕೂಡುವಾಗ ಕಟ್ಟಿ, ಕೂಸನ್ನು ತೆಗೆದುಕೊಳ್ಳುವ ಮೊದಲು ಬಿಚ್ಚಿ, ಏಳುವಾಗ ಮತ್ತೆ ಕಟ್ಟುತ್ತಿದ್ದರು. ಬರಿಗಾಲೇ ಬೇಕು, ನಮಗೆ ನೋವಾದರೆ ಆಗಲಿ ಎನ್ನುತ್ತಿದ್ದರು. ಮೊದಲನೆಯವರಿಗೆ ನಡುವೆ ನಿಲ್ಲುವ ಕೀಲು ಬೇಕು. ಎರಡನೆಯವರಿಗೆ ಆ ಕೀಲು ವ್ಯರ್ಥ, ಗಟ್ಟಿಯಾದ ಸಾದಾ ಪಟ್ಟಿ ಸಾಕು. ನಾವು ಮಾತ್ರ ಎಲ್ಲರಿಗೂ ಅತ್ತೆಯ ಮಾದರಿಯನ್ನೇ ಕೊಡುತ್ತ ಬಂದೆವು. ಅತ್ತೆ ಯಾವ ಗುಂಪಿನವಳು ಎಂದು ತಿಳಿಯದೆ.

ಅವಳನ್ನು ಕೇಳದೆ ಇರಲಿಲ್ಲ. ಕೇಳಿದಾಗೆಲ್ಲ, "ನಿನ್ನ ಪಟ್ಟಿ ಚಲೋ ಐತಲೇ, ಯಾಕ ಚಿಂತಿ ಮಾಡ್ತಿ?" ಎನ್ನುತ್ತಿದ್ದಳು. ಈಗ ಅವಳಿಲ್ಲ. ಶಾಂತವ್ವನೂ ಇಲ್ಲ. ಅನಂತಯ್ಯನವರು ನಿವೃತ್ತರಾಗಿ ಊರಿಗೆ ಹೋದವರು ಅಲ್ಲೇ ತೀರಿಕೊಂಡರು.

ಹೋದ ತಿಂಗಳು ಸುಮಿ ಫೋನು ಮಾಡಿದ್ದಳು. ಅವಳ ಮಗಳಿಗೆ, ಅಂದರೆ ಅದೇ ಕೂಸಿಗೆ, ಈಗ ದಿನ ತುಂಬಿವೆ. ಸುಮಿಯ ಮೊಣಕಾಲುಗಳೂ ಹೋಗಿವೆ. ಅಂಗಡಿಯ ಪಟ್ಟಿ ಕಟ್ಟಿಕೊಂಡು ಮಣೆಯ ಮೇಲೆ ಕೂಡಲು ಆಗುತ್ತಿಲ್ಲವಂತೆ. "ವಿಜಿ, ಅವ್ವಗ ಮಾಡಿದ್ದಿಯಲ್ಲ, ಅಂಥಾದ್ದು ನನಗೂ ಒಂದು ಜೋಡಿ ಮಾಡಿಕೊಡ್ತೀಯೇನು?" ಎಂದಳು. ನವಾರ ತಂದಿಟ್ಟಿದ್ದೇನೆ. ಯಾವ ಕೀಲು ಹಾಕಬೇಕು ಎಂಬಲ್ಲಿಗೆ ಕೈ ನಿಂತಿದೆ. ಅವಳಿಗೆ ಹೇಳಿದೆ:

"ಮಾಡ್ತೀನಿ. ಮೊದಲ ನೀ ಒಂದ ಮಾತ ಹೇಳು. ಬಚ್ಚಲ ಬಾಗಿಲ ಎದುರಿಗೇ ಮಲಗಿದ್ದಿ ನೀ. ನಿಮ್ಮವ್ವ ಕೂಸಿಗೆ ಮೊದಲ ಎರದ ದಿನ ಒಳಗ ಹೋಗುವಾಗ ಪಟ್ಟಿ ಕಾಲಾಗಿದ್ದುವೋ, ಕೈಯಾಗಿದ್ದುವೋ?"